ಬೀಳದ ಕೂಸಿನ ಬೆನ್ನಲ್ಲಿ ರಕ್ತ ಕಟ್ಟಿದ್ದು ಹೇಗೆ?

ಪ್ರಶ್ನೆ: ನನ್ನ ಮಗನಿಗೆ ಈಗ 8 ತಿಂಗಳು, ತೂಕ 8 ಕೆ.ಜಿ. ಒಂದೂವರೆ ತಿಂಗಳ ಲಸಿಕೆ ಹಾಕಿಸಿದಾಗ ತೊಡೆ ಗಟ್ಟಿಯಾಗಿ ಊದಿ ಹತ್ತು ದಿನ ಇಳಿಯಲಿಲ್ಲ. ಕೆಲವು ಮಕ್ಕಳಿಗೆ ಹಾಗಾಗುತ್ತೆ ಅಂದರು. ಹೋದ ತಿಂಗಳು ಒಂದು ಬೆಳಿಗ್ಗೆ ಎತ್ತಿಕೊಂಡರೆ ಸಾಕು, ಕಿರುಚಲು ಶುರು ಮಾಡಿದ. ಕತ್ತು ಒಂದು ಕಡೆ ವಾಲಿತ್ತು. ಉಳುಕಿರಬೇಕು ಅಂದುಕೊಂಡು ಎರಡು ದಿನ ಕಳೆದೆವು. ಮೂರನೇ ದಿನ, ಕೂರುತ್ತಿದ್ದವನು ಕೂರಲಿಲ್ಲ, ಕಾಲು ಸೋತವು. ಆಸ್ಪತ್ರೆಯಲ್ಲಿ ಮೆದುಳುಜ್ವರ ಇರಬಹುದು, ಬೆನ್ನಿನ ನೀರು ತೆಗೆದು ನೋಡಬೇಕು ಅಂದರು. ಅಷ್ಟರಲ್ಲಿ ಒಬ್ಬ ಡಾಕ್ಟರು ಮೈಮೇಲಿದ್ದ ನೀಲಿ ಕಲೆ ನೋಡಿ ರಕ್ತ ಪರೀಕ್ಷೆಗೆ ಕಳಿಸಿದರು. ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ, ತೀವ್ರ ಹಿಮೋಫಿಲಿಯಾ ಎ ಎಂದು ಬಂತು. ಎಂಆರ್‌ಐ ಮಾಡಿದಾಗ ಬೆನ್ನುಹುರಿಯ ಹಿಂದೆ ರಕ್ತ ಕಟ್ಟಿತ್ತು. ಆಪರೇಷನ್ ಮಾಡಲಿಲ್ಲ, ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ ಕೊಟ್ಟರು. ಈಗ ಎಡಗಾಲು ಚೆನ್ನಾಗಿದೆ. ಬಲಗಾಲನ್ನು ಸ್ವಲ್ಪ ಸ್ವಲ್ಪ ಆಡಿಸುತ್ತಾನೆ. ಅವನು ಎಲ್ಲೂ ಬಿದ್ದಿರಲಿಲ್ಲ. ನಮ್ಮ ಎರಡೂ ಮನೆತನದಲ್ಲಿ ಯಾರಿಗೂ ಈ ಕಾಯಿಲೆ ಇಲ್ಲ. ಹಾಗಿದ್ದರೆ ಇದು ಹೇಗಾಯಿತು? ಮತ್ತೆ ಬರುತ್ತಾ? ನಡೆಯುತ್ತಾನಾ? ಎಣ್ಣೆ ಹಚ್ಚಿ ನೀರು ಹಾಕುವಾಗ ತಾನೇ ಏನೋ ಮಾಡಿಬಿಟ್ಟೆ ಎಂದು ನಮ್ಮ ಅತ್ತೆ ದಿನಾ ಅಳುತ್ತಾರೆ. ಮಗುವನ್ನು ಮುಟ್ಟುವುದನ್ನೇ ಬಿಟ್ಟಿದ್ದಾರೆ.
— ಹಾವೇರಿ ಜಿಲ್ಲೆಯ ಒಬ್ಬ ತಾಯಿ

ಉತ್ತರ:

ತಾಯಿ, ನಿಮ್ಮ ಮಗ ಬೀಳಬೇಕಾಗಿಯೇ ಇರಲಿಲ್ಲ. ಒಂದು ಸಲ ಜೋರಾಗಿ ಅತ್ತಿದ್ದರೂ ಸಾಕಿತ್ತು.

ಬೆನ್ನುಮೂಳೆಯನ್ನು ಒಂದರ ಮೇಲೊಂದು ಪೇರಿಸಿಟ್ಟ ಬಳೆಗಳು ಅಂದುಕೊಳ್ಳಿ. ಆ ಬಳೆಗಳ ಒಳಗೆ ಬೆನ್ನುಹುರಿ ಇಳಿದು ಹೋಗುತ್ತದೆ. ಹುರಿಯ ಸುತ್ತ ಒಂದು ಗಟ್ಟಿ ಪೊರೆ ಇದೆ. ಪೊರೆಗೂ ಮೂಳೆಗೂ ನಡುವೆ ಸ್ವಲ್ಪ ಜಾಗ. ಅಲ್ಲಿ ಮೆತ್ತನೆಯ ಕೊಬ್ಬು, ಅದರೊಳಗೆ ಬಲೆಯಂತೆ ಹರಡಿದ ಸಣ್ಣ ಸಣ್ಣ ರಕ್ತನಾಳಗಳು. ಅವುಗಳ ಗೋಡೆ ಬಹಳ ತೆಳು. ಕಾಲಿನ ನಾಳಗಳಲ್ಲಿ ರಕ್ತ ಹಿಂದಕ್ಕೆ ಬರದಂತೆ ತಡೆಯುವ ಕವಾಟ ಇರುತ್ತದೆ, ಇಲ್ಲಿ ಅದೂ ಇಲ್ಲ. ಕೂಸು ಉಸಿರು ಕಟ್ಟಿ ಅತ್ತಾಗ, ಕೆಮ್ಮಿದಾಗ, ಕಕ್ಕಸಿಗೆ ಮುಕ್ಕಿದಾಗ ಎದೆ-ಹೊಟ್ಟೆಯ ಒತ್ತಡ ನೇರವಾಗಿ ಈ ನಾಳಗಳಿಗೆ ಬರುತ್ತದೆ. ನಮಗೆ ನಿಮಗೆ ಇಂಥದ್ದೊಂದು ನಾಳ ಚೂರು ಬಿರಿದರೆ ಅಲ್ಲೇ ಹೆಪ್ಪುಗಟ್ಟಿ ಮುಚ್ಚಿಕೊಳ್ಳುತ್ತದೆ, ಗೊತ್ತೂ ಆಗುವುದಿಲ್ಲ. ಹಾಗೆ ಹೆಪ್ಪುಗಟ್ಟಲು ಬೇಕಾದ ಎಂಟನೇ ಫ್ಯಾಕ್ಟರ್ ಎಂಬ ಪ್ರೋಟೀನ್ ನಿಮ್ಮ ಮಗನ ರಕ್ತದಲ್ಲಿ ಇರಬೇಕಾದ್ದರಲ್ಲಿ ನೂರಕ್ಕೆ ಒಂದು ಪಾಲೂ ಇಲ್ಲ. ತೀವ್ರ ಹಿಮೋಫಿಲಿಯಾ ಅಂದರೆ ಅಷ್ಟೇ ಅರ್ಥ. ಹಾಗಾಗಿ ಬಿರುಕು ಮುಚ್ಚಲಿಲ್ಲ. ಗಂಟೆಗಟ್ಟಲೆ ಒಸರಿತು.

ಈ ವಯಸ್ಸೂ ಅದಕ್ಕೆ ಕೂಡಿಬಂತು. ಆರೇಳು ತಿಂಗಳಿಗೆ ಕೂಸು ಕೂರಲು ಶುರು ಮಾಡುತ್ತದೆ. ತಲೆ ಭಾರ, ಕತ್ತು ಇನ್ನೂ ಎಳೆಯದು. ಕುಳಿತಲ್ಲೇ ತೂಗಾಡುತ್ತದೆ, ಹಿಂದಕ್ಕೆ ವಾಲುತ್ತದೆ. ಅದನ್ನು ಯಾರೂ ಬಿದ್ದದ್ದು ಅಂತ ಲೆಕ್ಕ ಇಡುವುದಿಲ್ಲ. ಇಡಬೇಕಾಗಿಯೂ ಇಲ್ಲ.

ಅತ್ತೆಯವರ ವಿಚಾರಕ್ಕೆ ಬರುತ್ತೇನೆ. ನಮ್ಮ ಕಡೆ ಕೂಸಿಗೆ ನೀರು ಹಾಕುವ ರೀತಿ ನನಗೆ ಗೊತ್ತು. ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿ ಎಣ್ಣೆ ತಿಕ್ಕುತ್ತಾರೆ. ಬಲಗೈಗೆ ಎಡಗಾಲು ಮುಟ್ಟಿಸಿ ಎಳೆಯುತ್ತಾರೆ. ಕೆಲವರು ಕಾಲು ಹಿಡಿದು ತಲೆಕೆಳಗು ಮಾಡುತ್ತಾರೆ. ಹಿಮೋಫಿಲಿಯಾ ಇರುವ ಕೂಸಿಗೆ ಈ ಎಳೆದಾಟ ಬೇಡವೇ ಬೇಡ. ಆದರೆ ಅದರಿಂದಲೇ ಇದು ಆಯಿತು ಅಂತ ಯಾರೂ ಹೇಳಲು ಬರುವುದಿಲ್ಲ. ಅದೇ ಕೈ ಏಳು ತಿಂಗಳು ದಿನಾ ನೀರು ಹಾಕಿದೆ ಅಲ್ವಾ? ಈ ಕಾಯಿಲೆ ಇದೆ ಅಂತಲೇ ಆಗ ಯಾರಿಗೂ ಗೊತ್ತಿರಲಿಲ್ಲ. ಡಾಕ್ಟರಿಗೂ ಗೊತ್ತಿರಲಿಲ್ಲ. ಈ ಪ್ಯಾರಾವನ್ನು ಅವರಿಗೆ ಓದಿ ಹೇಳಿ, ದಯವಿಟ್ಟು.

ಮನೆತನದಲ್ಲಿ ಯಾರಿಗೂ ಇಲ್ಲ ಅಂದಿರಿ. ಕುಸುಮರೋಗ ಎಂದೂ ಕರೆಯುವ ಈ ಹಿಮೋಫಿಲಿಯಾ ಎ ಸುಮಾರು 5,000 ಗಂಡುಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ. ಅವರಲ್ಲಿ ಮೂರನೇ ಒಂದು ಭಾಗದವರ ಮನೆಯಲ್ಲಿ ಹಿಂದೆ ಯಾರಿಗೂ ಇರುವುದಿಲ್ಲ. ಜೀನ್‌ನಲ್ಲಿ ಬದಲಾವಣೆ ಹೊಸದಾಗಿ ಆಗಿರುತ್ತದೆ, ಇಲ್ಲವೇ ಹೆಣ್ಣುಮಕ್ಕಳಲ್ಲಿ ತೋರದೆ ಹರಿದುಬಂದಿರುತ್ತದೆ. ನೀವೂ ನಿಮ್ಮ ಅಕ್ಕತಂಗಿಯರೂ ಮುಂದಿನ ಬಸಿರಿಗೆ ಮೊದಲು ಪರೀಕ್ಷೆ ಮಾಡಿಸಿಕೊಳ್ಳಿ. ಇದರಲ್ಲಿ ತಪ್ಪು ಹುಡುಕುವುದಕ್ಕೆ ಏನೂ ಇಲ್ಲ.

ಹಾಗಂತ ಮೈ ಮೊದಲೇ ಸುಳಿವು ಕೊಟ್ಟಿರಲಿಲ್ಲ ಅಂತಲ್ಲ. ಲಸಿಕೆ ಹಾಕಿದ ತೊಡೆ ಹತ್ತು ದಿನ ಗಟ್ಟಿಯಾಗಿ ಊದಿದ್ದು ಒಂದು. ನೀಲಿ ಕಲೆ ಇನ್ನೊಂದು. ನೀವು ಜಾಗ ಬರೆದಿಲ್ಲ, ಆದರೆ ಸಾಮಾನ್ಯವಾಗಿ ಅದು ಎಲ್ಲಿರುತ್ತದೆ ಅಂತ ಹೇಳುತ್ತೇನೆ. ಕೂಸನ್ನು ಎತ್ತುವಾಗ ಎರಡೂ ಕಂಕುಳ ಕೆಳಗೆ ನಮ್ಮ ಹೆಬ್ಬೆರಳು ಊರುತ್ತದಲ್ಲ, ಅಲ್ಲಿ. ನಾಣ್ಯದಷ್ಟು ಅಗಲದ ಕಲೆ, ಬೆರಳಾಡಿಸಿದರೆ ನಡುವೆ ಕಡಲೆಕಾಳಿನಷ್ಟು ಗಂಟು. ಈ ಗಂಟಿರುವ ಕಲೆ ಕಂಡರೆ ಯಾವ ಮಕ್ಕಳ ಡಾಕ್ಟರೂ ಸುಮ್ನೆ ಬಿಡಬಾರದು. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ನೋಡುವ ಎಪಿಟಿಟಿ ಅನ್ನುವ ಪರೀಕ್ಷೆ ತಾಲೂಕು ಮಟ್ಟದ ಎಷ್ಟೋ ಲ್ಯಾಬ್‌ಗಳಲ್ಲೂ ಆಗುತ್ತದೆ. ಪ್ಲೇಟ್‌ಲೆಟ್ ಸರಿ ಇದ್ದು, ಪಿಟಿ ಅನ್ನುವ ಅಂಥದ್ದೇ ಇನ್ನೊಂದು ಪರೀಕ್ಷೆ ಸರಿ ಇದ್ದು, ಎಪಿಟಿಟಿ ಮಾತ್ರ ಜಾಸ್ತಿ ಬಂದರೆ ಮುಂದಿನ ಹೆಜ್ಜೆ ಫ್ಯಾಕ್ಟರ್ ಪರೀಕ್ಷೆ. ನಿಮ್ಮ ಡಾಕ್ಟರು ಮಾಡಿದ್ದು ಇದನ್ನೇ. ನಿಮ್ಮ ಮಗನ ಕಾಲು ಉಳಿದಿದ್ದರೆ ಅವರ ಕಣ್ಣಿನಿಂದ.

ಯಾಕೆ ಹಾಗೆ ಹೇಳುತ್ತೇನೆ ಅಂದರೆ, ಬೆನ್ನಿನ ನೀರು ತೆಗೆಯುವ ಸೂಜಿ ಹೋಗುವುದು ಇದೇ ರಕ್ತನಾಳಗಳ ಬಲೆಯ ಮೂಲಕ. ಫ್ಯಾಕ್ಟರ್ ಕೊಡದೆ ಆ ಸೂಜಿ ಹಾಕಿದರೆ, ರಕ್ತಸ್ರಾವ ಇಲ್ಲದ ಬೆನ್ನಲ್ಲೂ ರಕ್ತಸ್ರಾವ ಶುರುವಾಗಬಹುದು. ಮೊದಲೇ ಇದ್ದರೆ ಕೇಳುವುದೇ ಬೇಡ. ಆದರೆ ಅನುಮಾನ ಬರುವುದೂ ಸಹಜ. ಕತ್ತು ಬಿಗಿ, ಸಣ್ಣ ಜ್ವರ, ಮುಟ್ಟಿದರೆ ಕಿರುಚುವುದು, ಹಾಲು ಬೇಡ ಅನ್ನುವುದು. ಇವೆಲ್ಲ ಮೆದುಳುಜ್ವರದ ಲಕ್ಷಣಗಳೂ ಹೌದು, ಬೆನ್ನುಹುರಿ ಪಕ್ಕ ರಕ್ತ ಕಟ್ಟಿದ ಲಕ್ಷಣಗಳೂ ಹೌದು.

ನಾನು ಕಲಿಯುತ್ತಿದ್ದ ಕಾಲದಲ್ಲಿ ಇಂಥದ್ದೇ ಒಂದು ಕೂಸು ಬಂದಿತ್ತು. ಮೆದುಳುಜ್ವರ ಅಂದುಕೊಂಡೆವು. ನೀರು ತೆಗೆಯಲು ಕೂಸಿನ ಬೆನ್ನನ್ನು ಬಾಗಿಸಿ ಹಿಡಿದುಕೊಂಡವನು ನಾನು. ಒಂದು ಕೈ ಕತ್ತಿನ ಹಿಂದೆ, ಒಂದು ಕೈ ಮಂಡಿಯ ಹಿಂದೆ. ಬಂದ ನೀರು ಕೆಂಪಗಿತ್ತು. ಸೂಜಿ ಯಾವುದೋ ನಾಳಕ್ಕೆ ತಾಗಿರಬೇಕು ಅಂದುಕೊಂಡೆವು. ಸೂಜಿ ಹಾಕಿದ ಜಾಗಕ್ಕೆ ಇಟ್ಟ ಹತ್ತಿ ಎರಡು ಗಂಟೆಯಾದರೂ ಒದ್ದೆಯಾಗುತ್ತಲೇ ಇತ್ತು. ಆಗಲಾದರೂ ಹೊಳೆಯಬೇಕಿತ್ತು. ಸಂಜೆಗೆ ಎರಡೂ ಕಾಲು ಆಡುವುದು ನಿಂತಿತು. ಆಮೇಲೆ ಕಾಯಿಲೆ ಗೊತ್ತಾಯಿತು. ಆ ಕೂಸು ಬದುಕಿತು, ಆದರೆ ನಡೆಯಲಿಲ್ಲ. ಅವತ್ತಿನಿಂದ ಯಾವ ಗಂಡುಕೂಸಿಗೂ ಬೆನ್ನಿನ ನೀರು ತೆಗೆಯುವ ಮೊದಲು ಬಟ್ಟೆ ಬಿಚ್ಚಿಸಿ ಇಡೀ ಮೈ ನೋಡುತ್ತೇನೆ, ತೊಡೆ ಊದಿತ್ತಾ ಅಂತ ತಾಯಿಯನ್ನು ಕೇಳುತ್ತೇನೆ.

ಮೆದುಳುಜ್ವರದ ಅನುಮಾನ ಗಟ್ಟಿಯಾಗಿದ್ದರೆ ಆಂಟಿಬಯೋಟಿಕ್ ಅನ್ನು ಆಗಲೇ ಶುರು ಮಾಡಬಹುದು. ನೀರು ತೆಗೆಯುವುದು ಕಾಯಬಹುದು. ಫ್ಯಾಕ್ಟರ್ ಕೊಟ್ಟು, ಮಟ್ಟ ಏರಿದ ಮೇಲೆ, ಬೆನ್ನಲ್ಲಿ ರಕ್ತ ಇಲ್ಲ ಅಂತ ಖಾತ್ರಿಯಾದ ಮೇಲೆ ಬೇಕಿದ್ದರೆ ತೆಗೆಯಲಿ.

ಇನ್ನು ನೀವು ಮನೆಯಲ್ಲಿ ನೋಡಬೇಕಾದದ್ದು. ಇದು ಅಪರೂಪದ ತೊಂದರೆ. ಈ ಮಕ್ಕಳಲ್ಲಿ ತಲೆಯೊಳಗಿನ ರಕ್ತಸ್ರಾವ ಇದಕ್ಕಿಂತ ಜಾಸ್ತಿ. ಆದರೂ ಬೆನ್ನಿನ ರಕ್ತಸ್ರಾವ ಬರುವ ದಾರಿ ಹೆಚ್ಚುಕಡಿಮೆ ಒಂದೇ ತರಹ. ಮೊದಲು ನೋವು. ಮಲಗಿಸಿದರೆ ಸುಮ್ಮನಿರುತ್ತದೆ, ಎತ್ತಿದರೆ ಕಿರುಚುತ್ತದೆ. ಹಸಿವಿನ ಅಳುವಿಗೂ ಇದಕ್ಕೂ ಅಜಗಜಾಂತರ, ತಾಯಂದಿರಿಗೆ ಅದು ಕೂಡಲೇ ಗೊತ್ತಾಗುತ್ತದೆ. ಕತ್ತು ಒಂದು ಕಡೆ ವಾಲುತ್ತದೆ, ಇಲ್ಲವೇ ಸೆಟೆದುಕೊಳ್ಳುತ್ತದೆ. ಈ ಹಂತ ಕೆಲವು ಗಂಟೆಯೂ ಇರಬಹುದು, ಕೆಲವು ದಿನವೂ ಇರಬಹುದು. ಆಮೇಲೆ ಬಲ ಕುಂದುತ್ತದೆ. ಕೂರುತ್ತಿದ್ದ ಕೂಸು ಕೂರುವುದಿಲ್ಲ. ಅಂಗಾಲಿಗೆ ಬೆರಳಾಡಿಸಿದರೆ ಕಾಲು ಎಳೆದುಕೊಳ್ಳುವುದಿಲ್ಲ. ಗಿಲಕಿಗೆ ಒಂದೇ ಕೈ ಚಾಚುತ್ತದೆ. ಕೊನೆಗೆ ಮೂತ್ರ ನಿಲ್ಲುತ್ತದೆ. ಡೈಪರ್ ಅಥವಾ ಲಂಗೋಟಿ ಆರು ಗಂಟೆಯಾದರೂ ಒಣಗಿಯೇ ಇದ್ದು, ಹೊಕ್ಕಳ ಕೆಳಗೆ ಹೊಟ್ಟೆ ಉಬ್ಬಿದ್ದರೆ ಅದು ಬಹಳ ಕೆಟ್ಟ ಸೂಚನೆ. ಕತ್ತಿನ ಮೇಲ್ಭಾಗದಲ್ಲಿ ರಕ್ತ ಕಟ್ಟಿದರೆ ಉಸಿರಾಟಕ್ಕೇ ತೊಂದರೆ ಬರುತ್ತದೆ.

ಮೊದಲ ಹಂತದಲ್ಲೇ ಹೊರಡಬೇಕು. ಕಾಲು ಸೋಲುವ ತನಕ ಕಾಯಬಾರದು. ಮತ್ತೆ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಕತ್ತು ಉಳುಕಿದೆ ಅಂತ ಉಳುಕು ತೆಗೆಯುವವರ ಹತ್ತಿರ ಈ ಮಗುವನ್ನು ಎಂದಿಗೂ ಒಯ್ಯಬೇಡಿ. ರಕ್ತ ಕಟ್ಟಿದ ಕತ್ತನ್ನು ನೀವಿ ತಿರುಗಿಸಿದರೆ ಉಳಿದದ್ದೂ ಹೋಗುತ್ತದೆ. ದೃಷ್ಟಿ ತೆಗೆಯಬೇಕು ಅನ್ನಿಸಿದರೆ ತೆಗೆಯಿರಿ, ಅದಕ್ಕೆ ಎರಡು ನಿಮಿಷ ಸಾಕು. ಆದರೆ ಆಟೋ ಬಾಗಿಲಿಗೆ ಬಂದು ನಿಂತಿರಲಿ.

ಆಸ್ಪತ್ರೆಗೆ ಹೋದ ಮೇಲಿನ ಕ್ರಮ ಒಂದೇ. ಮೊದಲು ಫ್ಯಾಕ್ಟರ್, ಆಮೇಲೆ ಸ್ಕ್ಯಾನ್. ಎಂಆರ್‌ಐ ಬೇಕೇ ಬೇಕು, ಸಿಟಿ ಸ್ಕ್ಯಾನಿನಲ್ಲಿ ಬೆನ್ನಿನ ರಕ್ತ ತಪ್ಪಿಹೋಗಬಹುದು. ಆದರೆ ಈ ವಯಸ್ಸಿನ ಕೂಸಿಗೆ ಎಂಆರ್‌ಐ ಅಂದರೆ ಹಾಲು ನಿಲ್ಲಿಸಿ, ನಿದ್ದೆ ಬರಿಸಿ, ಸರದಿ ಕಾದು ಮಾಡಿಸಬೇಕು. ಅಷ್ಟು ಹೊತ್ತೂ ರಕ್ತ ಒಸರುತ್ತಿರುತ್ತದೆ. ಎಂಟನೇ ಫ್ಯಾಕ್ಟರನ್ನು ಕೆ.ಜಿ.ಗೆ 1 ಯೂನಿಟ್ ಕೊಟ್ಟರೆ ರಕ್ತದಲ್ಲಿ ಅದರ ಮಟ್ಟ ನೂರಕ್ಕೆ ಸುಮಾರು 2 ಪಾಲು ಏರುತ್ತದೆ. ಇಲ್ಲಿ ನಮಗೆ ಬೇಕಾದದ್ದು 80ರಿಂದ 100. ಅಂದರೆ ಕೆ.ಜಿ.ಗೆ 50 ಯೂನಿಟ್. ನಿಮ್ಮ 8 ಕೆ.ಜಿ. ಮಗನಿಗೆ 400 ಯೂನಿಟ್. ಬಾಟಲಿ ಬರುವುದು 250, 500 ಹೀಗೆ. ಇಂಥ ಹೊತ್ತಿನಲ್ಲಿ 500ರ ಬಾಟಲಿ ಒಡೆದು ಪೂರ್ತಿ ಕೊಡುತ್ತೇವೆ, ಉಳಿಸಿ ಚೆಲ್ಲುವುದಿಲ್ಲ. ಎಳೆ ಮಕ್ಕಳಲ್ಲಿ ಈ ಫ್ಯಾಕ್ಟರ್ ಬೇಗ ಕರಗುತ್ತದೆ, ಅದಕ್ಕೇ 8-12 ಗಂಟೆಗೊಮ್ಮೆ ಮತ್ತೆ ಕೊಡಬೇಕು. ಮೊದಲ ವಾರ ಮಟ್ಟವನ್ನು ಹೀಗೆ ಮೇಲೆಯೇ ಇಟ್ಟು, ಆಮೇಲೆ 50ರ ಆಸುಪಾಸಿಗೆ ಇಳಿಸಿ, ಒಟ್ಟು ಮೂರು ವಾರದ ತನಕ ಎಳೆಯುತ್ತೇವೆ. ಕಾಲು ಆಡಿತು ಅಂತ ಐದನೇ ದಿನಕ್ಕೆ ನಿಲ್ಲಿಸಿದರೆ ಮತ್ತೆ ಒಸರುತ್ತದೆ.

ಫ್ಯಾಕ್ಟರ್ ಸಿಗದ ಊರಲ್ಲಿ ಸಿಕ್ಕಿಕೊಂಡರೆ? ರಕ್ತನಿಧಿಯಲ್ಲಿ ಕ್ರಯೋ ಅಂತ ಕೇಳಬೇಕು, ಅದು ದಾನಿಗಳ ರಕ್ತದಿಂದ ಬೇರ್ಪಡಿಸಿದ್ದು. ಒಂದು ಚೀಲದಲ್ಲಿ ಸುಮಾರು 70-80 ಯೂನಿಟ್ ಎಂಟನೇ ಫ್ಯಾಕ್ಟರ್ ಇರುತ್ತದೆ. ಅದು ಫ್ಯಾಕ್ಟರ್ ಬಾಟಲಿಯಷ್ಟು ಒಳ್ಳೆಯದಲ್ಲ, ಆದರೆ ಏನೂ ಕೊಡದೆ ನೂರು ಕಿಲೋಮೀಟರ್ ಓಡುವುದಕ್ಕಿಂತ ಎಷ್ಟೋ ಮೇಲು. ಹಿಮೋಫಿಲಿಯಾ ಬಿ ಇರುವ ಮಕ್ಕಳ ಅಪ್ಪ ಅಮ್ಮ ಇದನ್ನು ಓದುತ್ತಿದ್ದರೆ ಗಮನಿಸಿ, ಕ್ರಯೋದಲ್ಲಿ ನಿಮಗೆ ಬೇಕಾದ ಒಂಬತ್ತನೇ ಫ್ಯಾಕ್ಟರ್ ಇರುವುದಿಲ್ಲ. ನಿಮಗೆ ರಕ್ತದ ತಿಳಿಭಾಗವಾದ ಪ್ಲಾಸ್ಮಾ ಬೇಕು.

ಆಪರೇಷನ್ ಯಾಕೆ ಮಾಡಲಿಲ್ಲ ಅಂತ ನೀವು ನೇರವಾಗಿ ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಇರುತ್ತದೆ. ದೊಡ್ಡವರಿಗೆ ಬೆನ್ನುಹುರಿ ಮೇಲೆ ರಕ್ತ ಕಟ್ಟಿದರೆ ಸಾಮಾನ್ಯವಾಗಿ ಬೇಗ ಮೂಳೆ ತೆರೆದು ತೆಗೆಯುತ್ತಾರೆ. ಈ ಮಕ್ಕಳ ಲೆಕ್ಕ ಬೇರೆ. ಎಳೆಯರಲ್ಲಿ ಆ ಜಾಗ ಸಡಿಲ. ರಕ್ತ ಒಂದೇ ಕಡೆ ಗಡ್ಡೆಯಾಗಿ ಒತ್ತುವ ಬದಲು ಮೇಲಕ್ಕೂ ಕೆಳಕ್ಕೂ ಹಲವು ಮೂಳೆಗಳ ಉದ್ದಕ್ಕೆ ಹರಡಿಕೊಳ್ಳುತ್ತದೆ. ಫ್ಯಾಕ್ಟರ್ ಕೊಟ್ಟು ಒಸರುವುದನ್ನು ನಿಲ್ಲಿಸಿದರೆ ಮೈಯೇ ಅದನ್ನು ಹೀರಿಕೊಳ್ಳುತ್ತದೆ. ಆಪರೇಷನ್ ಅಂದರೆ ಅಷ್ಟುದ್ದಕ್ಕೂ ಬೆನ್ನುಮೂಳೆಯ ಹಿಂಭಾಗ ತೆಗೆಯಬೇಕು. ಬೆಳೆಯುವ ಮಗುವಿಗೆ ಮುಂದೆ ಬೆನ್ನು ಗೂನಾಗುವ ಅಪಾಯ ಇದೆ. ಹಾಗಾಗಿ ಬಲ ಉಳಿದಿದ್ದರೆ, ಇಲ್ಲವೇ ಫ್ಯಾಕ್ಟರ್ ಕೊಟ್ಟ ಮೇಲೆ ಸುಧಾರಿಸುತ್ತಿದ್ದರೆ, ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತೇವೆ. ಕಣ್ಣೆದುರೇ ಬಲ ಕುಂದುತ್ತಾ ಹೋದರೆ ತಡ ಮಾಡದೆ ಆಪರೇಷನ್. ನಿಮ್ಮ ಮಗನ ಎಡಗಾಲು ಬೇಗ ಸುಧಾರಿಸಿತು, ಬಲಗಾಲಿನ ಬಲವೂ ಮರಳುತ್ತಿದೆ. ಕಾದದ್ದು ಸರಿಯಾದ ತೀರ್ಮಾನ.

ನಡೆಯುತ್ತಾನಾ? ಪೂರ್ತಿ ಭರವಸೆ ಕೊಡುವ ಹಕ್ಕು ನನಗಿಲ್ಲ, ನಾನು ಅವನನ್ನು ಮುಟ್ಟಿ ನೋಡಿಲ್ಲ. ಆದರೆ ಇಷ್ಟು ಹೇಳಬಹುದು. ಬೆನ್ನುಹುರಿ ಪೂರ್ತಿ ಕೆಟ್ಟಿದ್ದರೆ ಈ ಹೊತ್ತಿಗೆ ಎರಡೂ ಕಾಲು ಹಾಗೇ ಇರುತ್ತಿದ್ದವು. ಅವನ ಕಾಲುಗಳ ಬಲ ಒಂದೊಂದಾಗಿ ಮರಳುತ್ತಿದೆ. ತಿಂಗಳೊಳಗೆ ಇಷ್ಟು ಬಂದ ಮಕ್ಕಳಲ್ಲಿ ನನಗೆ ಆಸೆ ಜಾಸ್ತಿ. ಸ್ವಲ್ಪ ತಡವಾಗಿ ನಡೆಯಬಹುದು, ಬಲಗಾಲು ಕೆಲವು ದಿನ ಎಳೆಯಬಹುದು. ಮಕ್ಕಳ ಫಿಸಿಯೋಥೆರಪಿಯವರ ಹತ್ತಿರ ತಪ್ಪದೆ ಹೋಗಿ. ಮನೆಯಲ್ಲಿ ಅಂಗಾತ ಮಲಗಿಸಿ ಬಲಗಾಲಿನ ಹತ್ತಿರ ಗಿಲಕಿ ಅಥವಾ ಗೆಜ್ಜೆ ಹಿಡಿಯಿರಿ, ಒದೆಯಲು ಬಿಡಿ. ನೀವೇ ಹಿಡಿದು ಎಳೆಯಬೇಡಿ. ದಿನಕ್ಕೆ ಎಷ್ಟು ಸಲ ಮೂತ್ರ ಮಾಡಿದ, ಮಲ ಸಲೀಸಾಗಿ ಆಗುತ್ತಿದೆಯಾ ಅಂತ ಕ್ಯಾಲೆಂಡರ್ ಮೇಲೆ ಗುರುತು ಹಾಕುತ್ತಾ ಬನ್ನಿ. ಕಾಲು ಸರಿಯಾದ ಮೇಲೂ ಮೂತ್ರಕೋಶ ಹಿಂದೆ ಉಳಿದುಬಿಡುವುದುಂಟು.

ಮತ್ತೆ ಬರುತ್ತಾ ಅನ್ನುವುದು ನಿಮ್ಮ ಕೈಯಲ್ಲೂ ಸ್ವಲ್ಪ ಇದೆ. ಈ ಮೂರು ವಾರದ ಚಿಕಿತ್ಸೆ ಮುಗಿದ ಮೇಲೆ ಬರಿಗೈಯಲ್ಲಿ ಬಿಡಬಾರದು. ರಕ್ತಸ್ರಾವ ಆಗದಂತೆ ಮೊದಲೇ ಕೊಡುವ ಔಷಧಿ ಶುರುವಾಗಬೇಕು. ಒಂದು ದಾರಿ, ಕಡಿಮೆ ಪ್ರಮಾಣದ ಫ್ಯಾಕ್ಟರ್, ಕೆ.ಜಿ.ಗೆ 10-15 ಯೂನಿಟ್, ವಾರಕ್ಕೆ ಎರಡು ಮೂರು ಸಲ. ತೊಂದರೆ ಏನೆಂದರೆ ಇಷ್ಟು ಚಿಕ್ಕ ಕೂಸಿಗೆ ಪ್ರತಿ ಸಲ ರಕ್ತನಾಳ ಹುಡುಕುವುದು ತಾಯಿಗೂ ನರ್ಸಿಗೂ ಯುದ್ಧ. ಇನ್ನೊಂದು ದಾರಿ ಎಮಿಸಿಜುಮಾಬ್. ಇದನ್ನು ಚರ್ಮದ ಕೆಳಗೆ ಚುಚ್ಚುತ್ತಾರೆ. ಮೊದಲ ನಾಲ್ಕು ವಾರ ವಾರಕ್ಕೊಂದು, ಆಮೇಲೆ ವಾರಕ್ಕೊಮ್ಮೆಯಿಂದ ತಿಂಗಳಿಗೊಮ್ಮೆಯ ತನಕ ಯಾವುದಾದರೂ ಒಂದು ಲೆಕ್ಕ. ಒಂದು ವರ್ಷದೊಳಗಿನ ಕೂಸುಗಳಿಗಾಗಿಯೇ ಹೇವನ್ 7 ಎಂಬ ಅಧ್ಯಯನ ನಡೆದಿದೆ. 55 ಮಕ್ಕಳಿದ್ದ ಅದರಲ್ಲಿ ಯಾರಿಗೂ ಮೆದುಳಿನ ರಕ್ತಸ್ರಾವ ಆಗಲಿಲ್ಲ. ನನ್ನನ್ನು ಕೇಳಿದರೆ, ಸಿಗುವುದಾದರೆ ನಿಮ್ಮ ಮಗನಿಗೆ ಇದೇ ಸರಿ. ಬೆಲೆ ಜಾಸ್ತಿ, ನಿಮ್ಮ ಹಿಮೋಫಿಲಿಯಾ ಕೇಂದ್ರದಲ್ಲಿ ದಾರಿ ವಿಚಾರಿಸಿ. ಆದರೆ ಎರಡು ವಿಷಯ ನೆನಪಿಡಿ. ಇದು ತಡೆಯುವ ಔಷಧಿ. ಆಗಲೇ ಶುರುವಾದ ರಕ್ತಸ್ರಾವವನ್ನು ನಿಲ್ಲಿಸಲು ಫ್ಯಾಕ್ಟರೇ ಬೇಕು. ಮತ್ತೆ, ಇದನ್ನು ತೆಗೆದುಕೊಳ್ಳುವ ಮಗುವಿನ ಎಪಿಟಿಟಿ ಸರಿ ಇರುವಂತೆಯೇ ತೋರಿಸುತ್ತದೆ. ಹೊಸ ಡಾಕ್ಟರು ಅದನ್ನು ನೋಡಿ ಏನೂ ಇಲ್ಲ ಅಂದುಬಿಟ್ಟಾರು. ಈ ಔಷಧಿ ನಡೆಯುತ್ತಿದೆ ಅಂತ ನೀವೇ ಹೇಳಬೇಕು.

ಇನ್‌ಹಿಬಿಟರ್ ಪರೀಕ್ಷೆ ಮರೆಯಬೇಡಿ. ತೀವ್ರ ಹಿಮೋಫಿಲಿಯಾ ಎ ಇರುವವರಲ್ಲಿ ಹತ್ತರಲ್ಲಿ ಸುಮಾರು ಮೂವರಿಗೆ, ಕೊಟ್ಟ ಫ್ಯಾಕ್ಟರನ್ನೇ ಮೈ ಶತ್ರು ಅಂದುಕೊಂಡು ಕೆಡಿಸುತ್ತದೆ. ಹಾಗೆ ಕೆಡಿಸುವುದೇ ಇನ್‌ಹಿಬಿಟರ್. ಮೊದಲ 20-50 ದಿನದ ಫ್ಯಾಕ್ಟರಿನಲ್ಲೇ ಇದು ಹೆಚ್ಚಾಗಿ ಬರುವುದು. ನಿಮ್ಮ ಮಗ ಆ ದಿನಗಳನ್ನು ಒಂದೇ ಸಲಕ್ಕೆ, ದೊಡ್ಡ ಪ್ರಮಾಣದಲ್ಲಿ ದಾಟುತ್ತಿದ್ದಾನೆ. ಕೊಟ್ಟದ್ದು ತಪ್ಪಲ್ಲ, ಕೊಡದಿದ್ದರೆ ಕಾಲು ಇರುತ್ತಿರಲಿಲ್ಲ. ಆದರೆ ಪರೀಕ್ಷೆ ಆಗುತ್ತಿರಬೇಕು. ಇನ್‌ಹಿಬಿಟರ್ ಬಂದರೆ ಔಷಧಿಯೇ ಬೇರೆ.

ಉಳಿದ ಲಸಿಕೆಗಳನ್ನು ಬಿಡಬೇಡಿ. ಸಣ್ಣ ಸೂಜಿಯಲ್ಲಿ ಹಾಕಲಿ, ಆಗುವಂಥದ್ದನ್ನು ಚರ್ಮದ ಕೆಳಗೆ ಹಾಕಲಿ, ಆಮೇಲೆ ಐದು ನಿಮಿಷ ಒತ್ತಿ ಹಿಡಿಯಿರಿ, ಉಜ್ಜಬೇಡಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಐಬುಪ್ರೊಫೆನ್, ಆಸ್ಪಿರಿನ್ ಬೇಡ.

ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ಫ್ಯಾಕ್ಟರ್ ದಾಸ್ತಾನು ಇದೆಯಾ, ರಾತ್ರಿ ಹೊತ್ತು ಬೀಗದ ಕೈ ಯಾರ ಹತ್ತಿರ ಇರುತ್ತದೆ ಅಂತ ಈ ವಾರವೇ ಹೋಗಿ ಕೇಳಿಕೊಂಡು ಬನ್ನಿ. ನಡುರಾತ್ರಿ ಹುಡುಕುವ ಪ್ರಶ್ನೆ ಅಲ್ಲ ಅದು. ದಾವಣಗೆರೆಯಲ್ಲಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇದೆ, ನಿಮಗೆ ಹತ್ತಿರ. ಮಗುವಿನ ಹೆಸರು ನೋಂದಾಯಿಸಿ. ಅಲ್ಲಿ ಇದೇ ದಾರಿಯಲ್ಲಿ ನಡೆದ ತಾಯಂದಿರು ಸಿಗುತ್ತಾರೆ, ಅವರ ಮಾತು ನನ್ನ ಉತ್ತರಕ್ಕಿಂತ ಜಾಸ್ತಿ ಧೈರ್ಯ ಕೊಡುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಹಿಮೋಫಿಲಿಯಾ ಕೂಡ ಸೇರಿದೆ, ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ. ಒಂದು ಚೀಟಿಯಲ್ಲಿ ಹೀಗೆ ಬರೆದು ಲ್ಯಾಮಿನೇಟ್ ಮಾಡಿಸಿ, ಮಗುವಿನ ಚೀಲದಲ್ಲಿ ಇಡಿ: ತೀವ್ರ ಹಿಮೋಫಿಲಿಯಾ ಎ, ಹಿಂದೆ ಬೆನ್ನುಹುರಿ ಪಕ್ಕ ರಕ್ತಸ್ರಾವ ಆಗಿದೆ, ಮೊದಲು ಫ್ಯಾಕ್ಟರ್ ಕೊಡಿ, ಫ್ಯಾಕ್ಟರ್ ಇಲ್ಲದೆ ಬೆನ್ನಿಗೆ ಸೂಜಿ ಹಾಕಬೇಡಿ. ತೂಕವನ್ನು ಮಾತ್ರ ಬೇರೆ ಚೀಟಿಯಲ್ಲಿ ಪೆನ್ಸಿಲಿನಲ್ಲಿ ಬರೆದು ಜೊತೆಗಿಡಿ, ತಿಂಗಳಿಗೊಮ್ಮೆ ತಿದ್ದಬೇಕಲ್ಲ.

ಇನ್ನು ನೀರು ಹಾಕುವ ವಿಷಯ. ಮತ್ತೊಂದು ಎಂಆರ್‌ಐನಲ್ಲಿ ರಕ್ತ ಕರಗಿದೆ ಅಂತ ಬಂದು, ನಿಮ್ಮ ಡಾಕ್ಟರು ಹೂಂ ಅಂದ ಮೇಲೆ ಅತ್ತೆಯವರೇ ಮತ್ತೆ ನೀರು ಹಾಕಲಿ. ಎಣ್ಣೆಯನ್ನು ಅಂಗೈಯಿಂದ ಮೆಲ್ಲಗೆ ಸವರಿದರೆ ಸಾಕು, ತಿಕ್ಕುವುದು ಬೇಡ. ಕೈಕಾಲು ಎಳೆಯುವುದು, ತಲೆಕೆಳಗು ಮಾಡುವುದು, ಮೇಲಕ್ಕೆ ತೂರಿ ಹಿಡಿಯುವುದು ಬೇಡ. ಎತ್ತುವಾಗ ಕಂಕುಳಿಗೆ ಕೈ ಹಾಕಿ ಎಳೆಯದೆ, ಒಂದು ಕೈ ತಲೆ-ಕತ್ತಿನ ಕೆಳಗೆ, ಒಂದು ಕೈ ಪಿರ್ರೆಯ ಕೆಳಗೆ ಇಡಬೇಕು. ತಲೆಗೆ ನೀರು ಹೊಯ್ಯುವಾಗ ಕತ್ತನ್ನು ಇನ್ನೊಬ್ಬರು ಹಿಡಿದುಕೊಂಡಿದ್ದರೆ ಒಳ್ಳೆಯದು. ಮೊದಲ ಕೆಲವು ದಿನ ಆ ಇನ್ನೊಬ್ಬರು ನೀವೇ ಆಗಿ, ಅತ್ತೆಯವರ ಪಕ್ಕದಲ್ಲೇ ಕೂತುಕೊಳ್ಳಿ.